ಹಾಡು ಹೊರಬಂತು, ಪ್ಲೇಲಿಸ್ಟ್ ಒಳಗೇ ಉಳಿಯಿತು: ಸಂಗೀತ ಸಂಗ್ರಹವನ್ನು ಮುಕ್ತ ಮಾನಕಗಳಿಗೆ ತಂದ ಅನುಭವ

ಟೆಕ್ ಕಂಪನಿಗಳು ಮತ್ತು ಸಂಗೀತದ ಬಗ್ಗೆ ವಾದ ಎದ್ದಾಗಲೆಲ್ಲ ಮಾತು ಫಾರ್ಮ್ಯಾಟ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಧ್ವನಿಯನ್ನು ಚಿಕ್ಕ ಫೈಲ್ ಮಾಡಿಡುವ ಎಎಸಿ ಅಂದರೆ ಆಪಲ್‌ನದು, ಎಂಪಿ3 ಅಂದರೆ ಎಲ್ಲರದು ಎಂದು ಇಂದಿಗೂ ಬರೆಯುವವರಿದ್ದಾರೆ. ಎರಡೂ ಸರಿಯಲ್ಲ. ಎಎಸಿಯನ್ನು ಮಾನಕವಾಗಿ ಹೊರತಂದದ್ದು ಎಂಪೆಗ್ ಸಮಿತಿ, 1997ರಲ್ಲಿ. ಆಪಲ್ ಅದನ್ನು ಆರಿಸಿಕೊಂಡಿತು, ಅಷ್ಟೇ. ಎಂಪಿ3 1993ರಿಂದ ಐಎಸ್‌ಒ ಮಾನಕವಾಗಿದ್ದರೂ ಪೇಟೆಂಟ್ ಶುಲ್ಕ ಬೆನ್ನಿಗೆ ಅಂಟಿಕೊಂಡೇ ಇತ್ತು. ಫ್ರೌನ್‌ಹೋಫರ್ ಸಂಸ್ಥೆ ಆ ಲೈಸೆನ್ಸ್ ಯೋಜನೆಯನ್ನು ಮುಚ್ಚಿದ್ದು 2017ರ ಏಪ್ರಿಲ್‌ನಲ್ಲಿ. ವಿವರಣೆ ಪ್ರಕಟವಾಗಿದೆಯೇ, ಬಳಸಲು ದುಡ್ಡು ಕೊಡಬೇಕೇ, ಕೀಲಿ ಯಾರ ಕೈಯಲ್ಲಿದೆ: ಇವು ಮೂರು ಬೇರೆಬೇರೆ ಪ್ರಶ್ನೆಗಳು. ವಾದಗಳಲ್ಲಿ ಮೂರನ್ನೂ ಒಂದೇ ಮೂಟೆ ಕಟ್ಟುತ್ತಾರೆ.

ಒಂದು ಕಂಪನಿಯ ಆ್ಯಪ್‌ನೊಳಗಿದ್ದ ಸಂಗ್ರಹವನ್ನು ಪೂರ್ತಿ ಹೊರತೆಗೆದು ಮುಕ್ತ ಮಾನಕಗಳ ಮೇಲೆ ನಿಲ್ಲಿಸಿದ ಮೇಲೆ ನಾನು ಹೇಳಬಲ್ಲದ್ದು ಇಷ್ಟು: ಫಾರ್ಮ್ಯಾಟ್ ಬದಲಿಸುವುದು ಈ ಕೆಲಸದ ತೀರ ಸುಲಭದ ಭಾಗ. ನಿಜವಾದ ಬೀಗಗಳಿರುವುದು ಟ್ಯಾಗ್ (ಫೈಲ್‌ನೊಳಗೆ ಬರೆದಿಟ್ಟ ಹೆಸರು, ಕಲಾವಿದರ ಮಾಹಿತಿ), ಪ್ಲೇಲಿಸ್ಟ್, ರೇಟಿಂಗ್‌ಗಳಲ್ಲಿ ಮತ್ತು ಸರ್ವರ್ ಆಡುವ ಭಾಷೆಯಲ್ಲಿ. ಮಾಡಿದ ಕ್ರಮದಲ್ಲೇ ಬರೆಯುತ್ತೇನೆ, ಏಕೆಂದರೆ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲ ಕೆಲಸ ಬೀಗ (ನಕಲು ತಡೆಯುವ ಡಿಆರ್‌ಎಂ) ಇರುವ ಫೈಲ್‌ಗಳನ್ನು ಬೇರ್ಪಡಿಸುವುದು. ಹಳೆಯ ಐಟ್ಯೂನ್ಸ್ ಖರೀದಿಗಳಲ್ಲಿ ಇದು ಎಕ್ಸ್‌ಟೆನ್ಶನ್‌ನಲ್ಲೇ ಗೊತ್ತಾಗುತ್ತದೆ: ಎಂ4ಎ ಆದರೆ ಬೀಗವಿಲ್ಲ, ಎಂ4ಪಿ ಆದರೆ ಆಪಲ್‌ನ ಫೇರ್‌ಪ್ಲೇ ಬೀಗವಿದೆ. ಒಳಗಿನ ಎಎಸಿ ಎರಡರಲ್ಲೂ ಒಂದೇ. ಆಪಲ್ 2009ರಲ್ಲಿ ತನ್ನ ಅಂಗಡಿಯ ಹಾಡುಗಳಿಂದ ಡಿಆರ್‌ಎಂ ತೆಗೆದುಹಾಕಿತು, ಆದರೆ ಅದಕ್ಕೂ ಮುಂಚೆ ಕೊಂಡ ಫೈಲ್‌ಗಳು ತಾವಾಗಿಯೇ ಬದಲಾಗಲಿಲ್ಲ. ಮೈಕ್ರೋಸಾಫ್ಟ್‌ನ ಕತೆ ಇನ್ನೂ ಸ್ಪಷ್ಟ. ‘ಪ್ಲೇಸ್ ಫಾರ್ ಶ್ಯೂರ್’ ಮುದ್ರೆಯ ಅಂಗಡಿಗಳಲ್ಲಿ ಕೊಂಡ ಹಾಡುಗಳನ್ನು 2006ರಲ್ಲಿ ಬಂದ ಅದೇ ಕಂಪನಿಯ ಝೂನ್ ನುಡಿಸುತ್ತಿರಲಿಲ್ಲ. 2008ರಲ್ಲಿ ಎಂಎಸ್‌ಎನ್ ಮ್ಯೂಸಿಕ್‌ನ ಕೀಲಿ ಸರ್ವರ್ ನಿಲ್ಲಿಸುವುದಾಗಿ ಪ್ರಕಟಿಸಿ, ಆಕ್ಷೇಪ ಎದ್ದ ಮೇಲೆ ಗಡುವು ಮುಂದೂಡಿತು. ಬೀಗದ ಫೈಲ್‌ಗಳನ್ನು ಒಡೆಯಲು ನಾನು ಹೋಗಲಿಲ್ಲ. ಪಟ್ಟಿ ಮಾಡಿ ಬದಿಗಿಟ್ಟು, ಬೇಕಾದವನ್ನು ಸಿಡಿಯಲ್ಲೋ ಬೀಗವಿಲ್ಲದ ಫೈಲ್ ಮಾರುವ ಕಡೆಯೋ ಮತ್ತೆ ಕೊಂಡೆ.

ಸಿಡಿಯಿಂದ ತೆಗೆಯುವಾಗ ಲೆಕ್ಕ ಸರಳ. ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್. ಒಂದು ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಎಂಬ ಮುಕ್ತ ಫಾರ್ಮ್ಯಾಟ್ ಇದನ್ನು ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಸುತ್ತದೆ, ಒಂದು ಬಿಟ್ಟೂ ಕಳೆಯದೆ. ಎಡವುವುದು ಡ್ರೈವ್‌ನ ಆಫ್‌ಸೆಟ್‌ನಲ್ಲಿ. ಪ್ರತಿ ಮಾದರಿಯ ಡ್ರೈವ್ ಕೆಲವು ಸ್ಯಾಂಪಲ್ ಹಿಂದೆಮುಂದೆ ಓದುತ್ತದೆ. ತಿದ್ದಬೇಕಾದ ಅಂಕಿ 6 ಇರಬಹುದು, 102 ಇರಬಹುದು, 667 ಇರಬಹುದು. ಸಿಡಿಯ ಒಂದು ಸೆಕ್ಟರ್ ಅಂದರೆ 588 ಸ್ಯಾಂಪಲ್, ಹಾಗಾಗಿ ಕಿವಿಗೆ ಇದು ಗೊತ್ತಾಗುವ ವ್ಯತ್ಯಾಸವಲ್ಲ. ಆದರೆ ಅಂಕಿ ತಪ್ಪಿದ್ದರೆ ಬೇರೆಯವರು ತೆಗೆದ ಪ್ರತಿಗಳ ಮೊತ್ತ ಇಟ್ಟುಕೊಂಡಿರುವ ಆಕ್ಯುರೇಟ್‌ರಿಪ್ ದತ್ತಾಂಶದೊಂದಿಗೆ ಯಾವ ಟ್ರ್ಯಾಕೂ ತಾಳೆಯಾಗುವುದಿಲ್ಲ, ಒಳ್ಳೆಯ ಡಿಸ್ಕನ್ನೇ ಹಾಳಾಗಿದೆ ಎಂದುಕೊಳ್ಳುತ್ತೀರಿ. ಡಿಸ್ಕ್ ಒರೆಸುವ ಮೊದಲು ಆಫ್‌ಸೆಟ್ ನೋಡಿ.

ಆಪಲ್‌ನದೇ ನಷ್ಟವಿಲ್ಲದ ಫಾರ್ಮ್ಯಾಟ್ ಆದ ಎಎಲ್‌ಎಸಿ ಫೈಲ್‌ಗಳನ್ನು ಫ್ಲ್ಯಾಕ್‌ಗೆ ತಿರುಗಿಸಿದರೆ ನಷ್ಟವಿಲ್ಲ. ಆ ಕೋಡೆಕ್ಕನ್ನು ಆಪಲ್ 2011ರಲ್ಲೇ ಮುಕ್ತ ಮೂಲವಾಗಿ ಕೊಟ್ಟಿದೆ. ತಿರುಗಿಸಿದ್ದು ಸರಿಯಿದೆಯೇ ಎಂದು ನೋಡಲು ಫ್ಲ್ಯಾಕ್ ಫೈಲ್‌ನ ತಲೆಭಾಗದಲ್ಲಿರುವ ಎಂಡಿ5 ಮೊತ್ತವನ್ನು (ದತ್ತಾಂಶದ ಬೆರಳಚ್ಚಿನಂಥ ಅಂಕಿ) ಮೂಲ ಫೈಲ್‌ನ ಬಿಚ್ಚಿದ ಧ್ವನಿಯ ಎಂಡಿ5 ಜತೆ ಹೋಲಿಸುತ್ತೇನೆ. 24 ಬಿಟ್ ಫೈಲ್‌ಗಳಲ್ಲಿ ಪರಿವರ್ತನೆಯ ತಂತ್ರಾಂಶ ಎಫ್‌ಎಫ್‌ಎಂಪೆಗ್ ಧ್ವನಿಯನ್ನು 32 ಬಿಟ್ ಆಗಿ ಬಿಚ್ಚುವುದರಿಂದ ಮೊತ್ತ ಬೇರೆ ಬರುತ್ತದೆ. 24 ಬಿಟ್ ಪಿಸಿಎಂ (ಬಿಚ್ಚಿದ ಕಚ್ಚಾ ಧ್ವನಿ) ಎಂದು ಸ್ಪಷ್ಟವಾಗಿ ಕೇಳಿದರೆ ಸರಿಹೋಗುತ್ತದೆ. ಎಎಸಿ, ಎಂಪಿ3ಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ಅವನ್ನು ಫ್ಲ್ಯಾಕ್ ಮಾಡಿದರೆ ಗಾತ್ರ ಹಿಗ್ಗುತ್ತದೆ, ಕಳೆದದ್ದು ಮರಳುವುದಿಲ್ಲ. ಓಪಸ್ ಎಂಬ ಮುಕ್ತ, ಗಾತ್ರ ತಗ್ಗಿಸುವ ಫಾರ್ಮ್ಯಾಟ್‌ಗೆ ತಿರುಗಿಸಿದರೆ ಇನ್ನೊಂದಿಷ್ಟು ಕಳೆಯುತ್ತದೆ. ಮುಕ್ತ ಫಾರ್ಮ್ಯಾಟ್ ಮೇಲಿನ ಪ್ರೀತಿಗೆ ಇಡೀ ಸಂಗ್ರಹವನ್ನು ಹೀಗೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಓಪಸ್ ಫೋನ್‌ಗೆ ಒಯ್ಯುವ ಪ್ರತಿಗೆ ಮಾತ್ರ, 128 ಕೆಬಿಪಿಎಸ್‌ನಲ್ಲಿ, ಫ್ಲ್ಯಾಕ್ ಮೂಲದಿಂದ. ಗಂಟೆಗೆ 58 ಎಂಬಿ ಆಸುಪಾಸು.

ಇಲ್ಲಿ ಧ್ವನಿಮಟ್ಟದ ಒಂದು ತೊಡಕಿದೆ. ಫ್ಲ್ಯಾಕ್‌ನಲ್ಲಿ ಹಾಡುಗಳ ದನಿ ಸಮ ಮಾಡುವ ರಿಪ್ಲೇಗೇನ್ 2.0 ಟ್ಯಾಗ್‌ಗಳ ಆಧಾರ ಮಟ್ಟ ಮೈನಸ್ 18 ಎಲ್‌ಯುಎಫ್‌ಎಸ್ (ದನಿಯ ಗಟ್ಟಿತನದ ಅಳತೆ). ಓಪಸ್‌ನ ಸ್ವಂತ ಆರ್128 ಟ್ಯಾಗ್‌ಗಳದ್ದು ಮೈನಸ್ 23. ಹಳೆಯ ಟ್ಯಾಗ್ ಓಪಸ್ ಫೈಲ್‌ಗೆ ನಕಲಾಗಿ ಬಂದರೆ ಒಂದು ಪ್ಲೇಯರ್ ಅದನ್ನು ಓದುತ್ತದೆ, ಇನ್ನೊಂದು ಬಿಡುತ್ತದೆ. ಹಾಡಿನಿಂದ ಹಾಡಿಗೆ ದನಿ ಏರುಪೇರಾಗುತ್ತದೆ. ಓಪಸ್ ಮಾಡಿದ ಕೂಡಲೇ ರಿಪ್ಲೇಗೇನ್ ಟ್ಯಾಗ್‌ಗಳನ್ನು ಅಳಿಸಿ ಆರ್‌ಎಸ್‌ಗೇನ್ ತಂತ್ರಾಂಶದಿಂದ ಹೊಸದಾಗಿ ಅಳೆಯಿಸಿ.

ಹೆಚ್ಚು ದಿನ ಹಿಡಿದದ್ದು ಟ್ಯಾಗ್‌ಗಳ ಕೆಲಸ. ಸಿಡಿಗಳ ಹಾಡುಪಟ್ಟಿಯಾದ ಸಿಡಿಡಿಬಿ ಎಂಬ ದತ್ತಾಂಶವನ್ನು ಕೂತು ಟೈಪ್ ಮಾಡಿ ಕಟ್ಟಿದ್ದು ಬಳಕೆದಾರರೇ; ಅದು ಗ್ರೇಸ್‌ನೋಟ್ ಎಂಬ ಕಂಪನಿಯ ಸ್ವತ್ತಾಗಿ, ಬಳಕೆಗೆ ಷರತ್ತುಗಳು ಬಂದವು. ಆ ಪೆಟ್ಟಿನಿಂದ ಹುಟ್ಟಿದ್ದು ಮ್ಯೂಸಿಕ್‌ಬ್ರೈನ್ಸ್ ಎಂಬ ಮುಕ್ತ ಸಂಗೀತ ದತ್ತಾಂಶ. ಅದರ ಮೂಲ ದತ್ತಾಂಶ ಸಿಸಿ0 (ಹಕ್ಕನ್ನೆಲ್ಲ ಬಿಟ್ಟುಕೊಡುವ ಘೋಷಣೆ) ಅಡಿಯಲ್ಲಿದೆ, ಮತ್ತೆ ಯಾರೂ ಬೇಲಿ ಹಾಕಲಾರರು. ಹಾಗಾಗಿ ಅದರ ಟ್ಯಾಗ್ ಹಾಕುವ ತಂತ್ರಾಂಶ ಪಿಕಾರ್ಡ್ ಬಳಸಿ ಪ್ರತಿ ಫೈಲ್‌ಗೂ ಮ್ಯೂಸಿಕ್‌ಬ್ರೈನ್ಸ್‌ನ ರೆಕಾರ್ಡಿಂಗ್ ಗುರುತು ಹಾಕಿದೆ. ಮುಂದಿನ ಎಲ್ಲ ಕೆಲಸಕ್ಕೂ ಇದೇ ಗೂಟ.

ಎಂಪಿ3ಯ ಐಡಿ3 ಟ್ಯಾಗ್‌ನಲ್ಲಿ ಲಿಪಿಯ ಸಮಸ್ಯೆ ಬರುತ್ತದೆ. 2.3ನೇ ಆವೃತ್ತಿಯಲ್ಲಿ ಇರುವ ಆಯ್ಕೆ ಎರಡೇ: ಐಎಸ್‌ಒ 8859-1 ಅಥವಾ ಯುನಿಕೋಡ್‌ನ 16 ಬಿಟ್ ರೂಪ. ಮೊದಲನೆಯದರಲ್ಲಿ ಕನ್ನಡ ಕೂರುವುದೇ ಇಲ್ಲ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಒಮ್ಮೆ ಹಾಗೆ ಉಳಿಸಿದರೆ ಮೂಲ ಅಕ್ಷರ ಹೋಯಿತು, ಯಾವ ತಂತ್ರಾಂಶವೂ ಮರಳಿಸದು. ಯುಟಿಎಫ್-8 ಬಂದದ್ದು 2.4ರಲ್ಲಿ. ಫ್ಲ್ಯಾಕ್, ಓಪಸ್‌ಗಳ ಟ್ಯಾಗ್‌ಗಳಾದ ವೋರ್ಬಿಸ್ ಟಿಪ್ಪಣಿಗಳು ಹುಟ್ಟಿನಿಂದಲೇ ಯುಟಿಎಫ್-8. ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಹಾಡು ಇಟ್ಟುಕೊಂಡವರಿಗೆ ಇದೊಂದೇ ಕಾರಣ ಸಾಕು.

ಫೈಲ್ ಹೆಸರಿನಲ್ಲಿ ಇನ್ನೊಂದು ಗುಂಡಿ. ಲಿನಕ್ಸ್‌ನ ಎಕ್ಸ್‌ಟ್4 ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಅಂದರೆ 85 ಸಂಕೇತಕ್ಕೆ ಮಿತಿ ಮುಗಿಯಿತು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಒಳಗೆ ಆರು ಸಂಕೇತ, 18 ಬೈಟ್. ಸಾಲದ್ದಕ್ಕೆ ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರಿನ ಅಕ್ಷರಗಳನ್ನು ತುಣುಕಾಗಿ ಬಿಡಿಸಿಟ್ಟು ಉಳಿಸುತ್ತದೆ. ‘ಕೋ’ ಬೇರೆ ಕಡೆ ಎರಡು ಸಂಕೇತವಾದರೆ ಅಲ್ಲಿ ನಾಲ್ಕು. ಪರದೆಯ ಮೇಲೆ ಎರಡೂ ತದ್ರೂಪು. ನಕಲು ಮಾಡುವ ತಂತ್ರಾಂಶ ಆರ್‌ಸಿಂಕ್ ಮಾತ್ರ ಇವು ಬೇರೆಬೇರೆ ಫೈಲ್ ಎಂದುಕೊಂಡು ಪ್ರತಿ ಹಾಡನ್ನೂ ಎರಡೆರಡು ಮಾಡುತ್ತದೆ. ಹೆಸರಿನಲ್ಲಿ ಕೆಲವು ಸ್ವರಚಿಹ್ನೆಗಳಿದ್ದಾಗ ಮಾತ್ರ ನಕಲು ಬರುತ್ತಿದ್ದುದರಿಂದ ಕಾರಣ ಹಿಡಿಯಲು ಸಾಧ್ಯವಾಯಿತು: ೀ, ೇ, ೈ, ೊ, ೋ ಇದ್ದ ಹಾಡುಗಳು ಎರಡಾಗಿದ್ದವು, ‘ಮಳೆ’ಯಂಥ ಹೆಸರುಗಳು ಒಂದೇ ಇದ್ದವು. ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಲ್ಲಿ ಮ್ಯಾಕ್ ಬದಿಗೆ ‘ಯುಟಿಎಫ್-8-ಮ್ಯಾಕ್’ ಎಂದು ಹೇಳಿದರೆ ನಿಲ್ಲುತ್ತದೆ. ಫೈಲ್ ಹೆಸರನ್ನು ಕ್ರಮಸಂಖ್ಯೆ ಮತ್ತು ಚಿಕ್ಕ ಶೀರ್ಷಿಕೆಗೆ ಇಳಿಸಿ, ಉಳಿದದ್ದನ್ನೆಲ್ಲ ಟ್ಯಾಗ್‌ಗೆ ಬಿಡುವುದು ಒಳ್ಳೆಯದು.

ಹೆಸರು ಬದಲಿಸುವ ಕೆಲಸ ಪೂರ್ತಿ ಮುಗಿಯುವವರೆಗೆ ಪ್ಲೇಲಿಸ್ಟ್ ಮುಟ್ಟಬಾರದು, ಮುಟ್ಟಿದರೆ ಎಲ್ಲ ಹಾದಿಗಳೂ ಮುರಿಯುತ್ತವೆ.

ಸ್ಥಳೀಯ ಫೈಲ್‌ಗಳ ಪ್ಲೇಲಿಸ್ಟನ್ನು ಎಂ3ಯು8 ಆಗಿ ಇಡುತ್ತೇನೆ: ಬರಿ ಪಠ್ಯ, ಸಾಲಿಗೊಂದು ಹಾದಿ, ಹಾದಿ ಪ್ಲೇಲಿಸ್ಟ್ ಇರುವ ಫೋಲ್ಡರ್‌ಗೆ ಸಾಪೇಕ್ಷ. ಕೈಕೊಡುವುದು ಕಾಣದ ಅಕ್ಷರಗಳು. ವಿಂಡೋಸ್‌ನಲ್ಲಿ ಉಳಿಸಿದ ಫೈಲ್‌ನ ಮೊದಲಲ್ಲಿ ಬಿಒಎಂ (ಯುನಿಕೋಡ್ ರೂಪ ಸೂಚಿಸುವ ಗುರುತು) ಇದ್ದರೆ ಮೊದಲ ಹಾಡು ಮಾತ್ರ ಸಿಗುವುದಿಲ್ಲ. ಪ್ರತಿ ಸಾಲು ಮುಗಿಸುವ ಕ್ಯಾರೇಜ್ ರಿಟರ್ನ್ ಎಂಬ ಅಕ್ಷರ ಹೆಸರಿಗೆ ಅಂಟಿದರೆ ಒಂದೂ ಸಿಗುವುದಿಲ್ಲ. ಬ್ಯಾಕ್‌ಸ್ಲ್ಯಾಶ್ ಅಂತೂ ಬದಲಿಸಲೇಬೇಕು.

ಸ್ಟ್ರೀಮಿಂಗ್ ಸೇವೆಯಲ್ಲಿದ್ದ ಪ್ಲೇಲಿಸ್ಟ್‌ಗಳು ಬೇರೆಯೇ ಲೋಕ. ಯುರೋಪಿನ ದತ್ತಾಂಶ ರಕ್ಷಣೆ ಕಾನೂನಾದ ಜಿಡಿಪಿಆರ್‌ನ 20ನೇ ವಿಧಿ 2018ರ ಮೇ 25ರಿಂದ ನಿಮ್ಮ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೇಳುವ ಹಕ್ಕು ಕೊಟ್ಟಿತು. ಅನೇಕ ಸೇವೆಗಳು ಈ ಸೌಲಭ್ಯವನ್ನು ಯುರೋಪಿನ ಹೊರಗಿನವರಿಗೂ ಕೊಡುತ್ತವೆ. ನಾನು ಬಳಸುತ್ತಿದ್ದ ಸೇವೆಯೂ ಜೇಸನ್ ಫೈಲ್ ಕೊಟ್ಟಿತು. ಅದರಲ್ಲಿ ಹಾಡಿನ ಹೆಸರು, ಕಲಾವಿದರು, ಆಲ್ಬಂ ಇತ್ತು. ಜತೆಗೆ ಆ ಸೇವೆಗಷ್ಟೇ ಅರ್ಥವಾಗುವ ಒಂದು ಗುರುತು. ಐಎಸ್‌ಆರ್‌ಸಿ ಇರಲಿಲ್ಲ. ರೆಕಾರ್ಡಿಂಗ್‌ಗಳಿಗೆ ಜಗತ್ತಿನಾದ್ಯಂತ ಕೊಡುವ 12 ಅಕ್ಷರದ ಆ ಸಂಕೇತ ಅವರ ಒಳಗೆ ಇದ್ದೇ ಇರುತ್ತದೆ, ಎಪಿಐ (ತಂತ್ರಾಂಶಗಳು ಸೇವೆಯೊಡನೆ ಮಾತಾಡುವ ದಾರಿ) ಮೂಲಕ ಕೇಳಿದರೆ ಬರುತ್ತದೆ, ಹೊರಗೆ ಕೊಡುವ ಫೈಲ್‌ನಲ್ಲಿ ಮಾತ್ರ ಇಲ್ಲ. ಕಾನೂನಿನ ಅಕ್ಷರ ಪಾಲನೆಯಾಗಿದೆ, ದತ್ತಾಂಶ ಬೇರೆಲ್ಲೂ ಕೂರುವುದಿಲ್ಲ. ಕಂಪನಿಗಳ ಜತೆ ವಾದ ಮಾಡುವವರು ಹಿಡಿಯಬೇಕಾದ ಎಳೆ ಇದು ಎಂದು ನನ್ನ ಬಲವಾದ ಅಭಿಪ್ರಾಯ.

ಎಪಿಐಯಿಂದ ಐಎಸ್‌ಆರ್‌ಸಿ ತಂದು, ಅದರಿಂದ ಮ್ಯೂಸಿಕ್‌ಬ್ರೈನ್ಸ್ ಗುರುತು ಹುಡುಕಿ, ಅದನ್ನು ನನ್ನ ಫೈಲ್‌ಗಳ ಟ್ಯಾಗ್ ಜತೆ ಕೂಡಿಸಿದೆ. ಸಿಗದವಕ್ಕೆ ಹೆಸರು, ಕಲಾವಿದರು ಮತ್ತು ಅವಧಿ. ಅವಧಿಯಲ್ಲಿ 3 ಸೆಕೆಂಡ್ ರಿಯಾಯಿತಿ. ಅವಧಿ ಸೇರಿಸದೆ ಹೆಸರಿನಿಂದಷ್ಟೇ ಹುಡುಕಿದರೆ ಸ್ಟುಡಿಯೋ ಆವೃತ್ತಿಯ ಜಾಗಕ್ಕೆ ಸಂಗೀತ ಕಛೇರಿಯ ಆವೃತ್ತಿ ಬಂದು ಕೂರುತ್ತದೆ. ಒಂದೇ ರೆಕಾರ್ಡಿಂಗ್ ಮರುಬಿಡುಗಡೆಯಾದಾಗ ಇನ್ನೊಂದು ಐಎಸ್‌ಆರ್‌ಸಿ ಪಡೆದಿರುವುದೂ ಉಂಟು, ಆದ್ದರಿಂದ ಅದನ್ನೇ ಅಂತಿಮ ಗುರುತಾಗಿ ಇಟ್ಟುಕೊಳ್ಳಬೇಡಿ.

ಸಂಗ್ರಹದ ಹಾಡುಗಳನ್ನು ಫೋನ್‌ಗೆ ಹರಿಸುವ ಸರ್ವರ್‌ಗೆ ನ್ಯಾವಿಡ್ರೋಮ್ ತಂತ್ರಾಂಶ ಆರಿಸಿದೆ, ಅದು ಸಬ್‌ಸಾನಿಕ್ ಎಪಿಐ ಮಾತಾಡುತ್ತದೆ ಎಂಬ ಒಂದೇ ಕಾರಣಕ್ಕೆ. ಸಬ್‌ಸಾನಿಕ್ ತಂತ್ರಾಂಶ 2016ರಲ್ಲಿ ಮೂಲ ಸಂಕೇತ ಮುಚ್ಚಿಕೊಂಡಿತು. ಎಪಿಐ ಆಗಲೇ ಹತ್ತಾರು ಆ್ಯಪ್‌ಗಳ ಬಾಯಲ್ಲಿದ್ದುದರಿಂದ ಏರ್‌ಸಾನಿಕ್, ಗೋನಿಕ್, ನ್ಯಾವಿಡ್ರೋಮ್ ಅದನ್ನೇ ಮುಂದುವರಿಸಿದವು. ಸಮಿತಿ ಬರೆಯದ ಮಾನಕ ಹೀಗೂ ಬದುಕುತ್ತದೆ. ಅದಕ್ಕೊಂದು ಬೆಲೆಯೂ ಇದೆ: ಈ ಎಪಿಐಯಲ್ಲಿ ಆ್ಯಪ್ ಕಳಿಸುವುದು ಪಾಸ್‌ವರ್ಡ್ ಮತ್ತು ಒಂದು ಯಾದೃಚ್ಛಿಕ ತುಣುಕು ಸೇರಿಸಿದ ಎಂಡಿ5. ಅದನ್ನು ತಾಳೆ ನೋಡಲು ಸರ್ವರ್ ಪಾಸ್‌ವರ್ಡನ್ನು ಮರಳಿ ಪಡೆಯಬಹುದಾದ ರೂಪದಲ್ಲೇ ಇಟ್ಟುಕೊಳ್ಳಬೇಕು. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಡಿ, ಟಿಎಲ್‌ಎಸ್ ಗೂಢಲಿಪಿಯ ರಕ್ಷಣೆ ಇಲ್ಲದೆ ನ್ಯಾವಿಡ್ರೋಮ್‌ನ 4533 ಪೋರ್ಟನ್ನು ಹೊರಗೆ ತೆರೆಯಬೇಡಿ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ರೆಕಾರ್ಡಿಂಗ್‌ಗಳನ್ನು ಟೊರೆಂಟ್‌ನಲ್ಲಿ ಹಂಚುವವರು ಕ್ರಮ ನೆನಪಿಡಬೇಕು: ಟ್ಯಾಗ್ ಮೊದಲು, ಟೊರೆಂಟ್ ಆಮೇಲೆ. ಬಿಟ್‌ಟೊರೆಂಟ್ ಪ್ರತಿ ತುಂಡಿನ ಹ್ಯಾಶ್ (ಎಂಡಿ5ನಂಥದೇ ಮೊತ್ತ) ನೋಡುತ್ತದೆ. ಟ್ಯಾಗ್‌ನಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಆ ತುಂಡು ತಪ್ಪಾಗಿ ಸೀಡಿಂಗ್ (ಬೇರೆಯವರಿಗೆ ಕಳಿಸುವುದು) ನಿಲ್ಲುತ್ತದೆ. ಫ್ಲ್ಯಾಕ್‌ನ ಒಳಗಿನ ಎಂಡಿ5 ಧ್ವನಿಯದ್ದು ಮಾತ್ರ, ಟ್ಯಾಗ್ ಬದಲಾದರೂ ಅದು ಬದಲಾಗದು. ಅದಕ್ಕೇ ಸಂಗೀತ ಕಛೇರಿ ರೆಕಾರ್ಡಿಂಗ್ ಹಂಚುವವರು ಎಲ್ಲ ಟ್ರ್ಯಾಕ್‌ಗಳ ಎಂಡಿ5ಗಳನ್ನು ಒಂದು ಪಠ್ಯ ಫೈಲ್‌ನಲ್ಲಿ ಜತೆಗಿಡುತ್ತಾರೆ. ಫ್ಲ್ಯಾಕ್ ಜತೆ ಬರುವ ಮೆಟಾಫ್ಲ್ಯಾಕ್ ಅದನ್ನು ಕ್ಷಣದಲ್ಲಿ ಬರೆದುಕೊಡುತ್ತದೆ.

ಎಲ್ಲ ಮುಗಿದ ಮೇಲೆ ಫೋಲ್ಡರನ್ನು ಖಾಲಿ ಯಂತ್ರಕ್ಕೆ ನಕಲಿಸಿ, ಇಂಟರ್ನೆಟ್ ತೆಗೆದು, ಬೇರೆಯದೇ ಪ್ಲೇಯರ್‌ನಲ್ಲಿ ತೆರೆದೆ. ಹಾಡು, ಟ್ಯಾಗ್, ಚಿತ್ರ, ಪ್ಲೇಲಿಸ್ಟ್ ಬಂದವು. ರೇಟಿಂಗ್ ಬರಲಿಲ್ಲ. ಐಡಿ3ಯಲ್ಲಿ ಅದಕ್ಕೆ 0ರಿಂದ 255ರವರೆಗಿನ ಒಂದು ಜಾಗವಿದ್ದರೂ ಯಾವ ಅಂಕಿಗೆ ಎಷ್ಟು ನಕ್ಷತ್ರ ಎಂಬುದು ಪ್ಲೇಯರ್‌ಗೊಂದು ಬಗೆ. ವೋರ್ಬಿಸ್ ಟಿಪ್ಪಣಿಯಲ್ಲಿ ಒಂದು ಪ್ಲೇಯರ್ 5ಕ್ಕೆ ಬರೆದರೆ ಇನ್ನೊಂದು 100ಕ್ಕೆ ಬರೆಯುತ್ತದೆ. ಎಷ್ಟು ಸಲ ಕೇಳಿದೆ, ಯಾವತ್ತು ಸೇರಿಸಿದೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಜಾಗವೇ ಇಲ್ಲ. ಸದ್ಯಕ್ಕೆ ಸರ್ವರ್‌ನ ಎಸ್‌ಕ್ಯುಲೈಟ್ ದತ್ತಾಂಶ ಫೈಲ್‌ನಿಂದ ಈ ಮೂರನ್ನು ತಿಂಗಳಿಗೊಮ್ಮೆ ಸಿಎಸ್‌ವಿ ಪಠ್ಯ ಫೈಲ್‌ಗೆ ತೆಗೆದು, ಸಾಲಿನ ಮೊದಲಲ್ಲಿ ಮ್ಯೂಸಿಕ್‌ಬ್ರೈನ್ಸ್ ಗುರುತು ಇಟ್ಟು, ಹಾಡುಗಳ ಫೋಲ್ಡರ್‌ನಲ್ಲೇ ಇಡುತ್ತಿದ್ದೇನೆ.