ವಾರದ ಭಜನೆಗೆ ಪ್ರಸಾದ: ಅಳತೆ, ಹೊತ್ತು, ಸರದಿ

ಕಾರವಾರದಿಂದ ಭಟ್ಕಳದವರೆಗೆ ವರ್ಧಂತಿ, ಸಪ್ತಾಹಗಳಿಗೆ ಜನ ಕಿಕ್ಕಿರಿಯುತ್ತಾರೆ. ಶನಿವಾರದ ಭಜನೆಗೆ ಮಾತ್ರ ಭಟ್ಟರು, ತಬಲದವರು, ನಾಲ್ಕೈದು ಅಜ್ಜಂದಿರು. ಪ್ರಸಾದದಿಂದ ಇದನ್ನು ಬದಲಿಸಬಹುದು, ಆದರೆ ಸಿಹಿ ಹೆಚ್ಚಿಸಿ ಅಲ್ಲ. ತಿನಿಸು ಅದೇ, ಹೊತ್ತೂ ಅದೇ, ಮಾಡುವ ಕೈಗಳು ಮಾತ್ರ ವಾರವಾರ ಬೇರೆ ಇರಲಿ.

ಯೆಹೂದಿಗಳಲ್ಲಿ ಇದು ಹಳೆಯ ರೂಢಿ. ಶನಿವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಿನಗಾಗ್‌ ಎಂಬ ಪ್ರಾರ್ಥನಾ ಮಂದಿರದಲ್ಲೇ ‘ಕಿಡ್ಡುಶ್’ ಎಂಬ ಉಪಾಹಾರ ನಡೆಯುತ್ತದೆ. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಒಂದು ಮನೆಯವರು ಅದರ ಖರ್ಚು ಹೊರುವುದುಂಟು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ‘ಸಬ್ಬತ್’ ಎಂಬ ಅವರ ವಿಶ್ರಾಂತಿ ದಿನ ಒಲೆ ಹೊತ್ತಿಸುವಂತಿಲ್ಲ. ಹಾಗಾಗಿ ಬೀನ್ಸ್ ಕಾಳು, ಬಾರ್ಲಿ, ಮಾಂಸದ ‘ಚೋಲೆಂಟ್’ ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಸಣ್ಣ ಉರಿ ಏರಿ, ಮರುದಿನ ಮಧ್ಯಾಹ್ನದವರೆಗೆ ಬೇಯುತ್ತದೆ. ನಮಗೆ ಇನ್ನೂ ಹತ್ತಿರದವರು ಮಹಾರಾಷ್ಟ್ರದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು. ಅವರ ‘ಮಲಿದಾ’ ಎಂದರೆ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಜೊತೆಗೆ ಹಣ್ಣು. ನಮ್ಮ ಪಂಚಕಜ್ಜಾಯವೇ ಅನ್ನಿ.

ಅರವತ್ತು ಜನರ ಪಂಚಕಜ್ಜಾಯಕ್ಕೆ ತೆಳು ಅವಲಕ್ಕಿ 1 ಕಿಲೋ, ಪುಡಿಮಾಡಿದ ಬೆಲ್ಲ 750 ಗ್ರಾಂ, ತೆಂಗಿನಕಾಯಿ 4, ಹುರಿದ ಎಳ್ಳು 100 ಗ್ರಾಂ, ತುಪ್ಪ 100 ಗ್ರಾಂ, ಏಲಕ್ಕಿ 15. ತಲೆಗೆ ಒಂದು ಸಣ್ಣ ಹಿಡಿಯಾಗುತ್ತದೆ. ಮೊದಲು ಬೆಲ್ಲ, ಕಾಯಿತುರಿ ಎರಡನ್ನೇ ಕೈಯಲ್ಲಿ ಚೆನ್ನಾಗಿ ಹಿಸುಕಿ. ಬೆಲ್ಲ ಒದ್ದೆಯಾಗಿ ಹೊಳೆಯಬೇಕು. ಕಾಯಿ ಬಲಿತು ಒಣಗಿದ್ದರೆ ನೀರು ಬಿಡುವುದಿಲ್ಲ. ನಾಲ್ಕು ಚಮಚ ಎಳನೀರು ಚಿಮುಕಿಸಿ. ಅವಲಕ್ಕಿ ಬೆರೆಸುವುದು ಹಂಚುವುದಕ್ಕೆ ಅರ್ಧ ಗಂಟೆ ಮೊದಲು. ಮಧ್ಯಾಹ್ನವೇ ಬೆರೆಸಿಟ್ಟರೆ ಮುದ್ದೆ, ಮಂಗಳಾರತಿ ಹೊತ್ತಿಗೆ ಬೆರೆಸಿದರೆ ಗಂಟಲಿಗೆ ಚುಚ್ಚುತ್ತದೆ. ದಪ್ಪ ಅವಲಕ್ಕಿಯಾದರೆ ಒಂದು ಗಂಟೆ ಬೇಕು.

ಮಳೆಗಾಲದಲ್ಲಿ ಅವಲಕ್ಕಿ ಥಂಡಿ ಹಿಡಿದಿರುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆಯೇ ಬೆರೆಸಿ. ಬಿಸಿ ಇರುವಾಗ ಹಾಕಿದರೆ ಬೆಲ್ಲ ಕರಗಿ ಗಂಟು ಕಟ್ಟುತ್ತದೆ. ಶಿರಸಿ ಕಡೆಯವರು ನೀರಾದ ಜೋನಿ ಬೆಲ್ಲ ಬಳಸುವುದಾದರೆ ಅರ್ಧ ಕಿಲೋ ದಾಟಬಾರದು.

ಜೊತೆಗೆ ಕಡಲೆ ಉಸ್ಲಿ ಇರಲಿ. ಸಕ್ಕರೆ ಕಾಯಿಲೆಯವರಿಗೆ ಅನುಕೂಲ, ಕೆಲಸದಿಂದ ನೇರ ಬಂದವರ ಹೊಟ್ಟೆಗೂ ಆಧಾರ. 2 ಕಿಲೋ ಕಡಲೆ ಹಿಂದಿನ ರಾತ್ರಿಯೇ ನೆನೆಯಬೇಕು. ಮರೆತು ಬೆಳಗ್ಗೆ ನೆನೆಸಿದರೆ ಸೀಟಿ ಹೆಚ್ಚು ಬೇಕಾಗಬಹುದು. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಇಂಗು, ಕರಿಬೇವು. ಕಾಯಿತುರಿ ಒಲೆಯಿಂದ ಇಳಿಸಿದ ಮೇಲೆ ಹಾಕಿ. ನಮ್ಮ ಸೆಕೆಗೆ ಕಾಯಿ ಬೇಗ ಹಳಸುತ್ತದೆ. ಏಕಾದಶಿ ಬಿದ್ದ ವಾರ ಎರಡೂ ಬೇಡ, ಬಾಳೆಹಣ್ಣಿನ ರಸಾಯನ ಸಾಕು.

ಮಡಿಯ ಕಟ್ಟುಪಾಡು ಇರುವ ದೇವಸ್ಥಾನದಲ್ಲಿ ನೈವೇದ್ಯವನ್ನು ಭಟ್ಟರೇ ಮಾಡಲಿ, ಅದನ್ನು ಕೊನೆಗೆ ದೊಡ್ಡ ಪಾತ್ರೆಗೆ ಬೆರೆಸಲಿ. ಕಾಯಿ ತುರಿಯುವುದು, ಬೆಲ್ಲ ಕುಟ್ಟುವುದು, ಬಾಳೆಲೆ ತುಂಡು ಮಾಡುವುದು ಹೊರಗಿನ ಚಾವಡಿಯಲ್ಲಿ, ಸಂಜೆ ಐದೂವರೆಗೆ. ವಾರಕ್ಕೆ ಮೂರು ಮನೆಗಳ ಸರದಿ ಹಾಕಿ. ಕಾಯಿ ತುರಿದವರು ಭಜನೆಗೆ ಕೂರದೆ ಮನೆಗೆ ಹೋಗುವುದು ಅಪರೂಪ. ಜನ ಕೂಡುವುದು ನಿಜವಾಗಿ ಇಲ್ಲಿಯೇ, ಹಂಚುವಾಗ ಅಲ್ಲ.

ಭಜನೆ ಏಳಕ್ಕೆ ಶುರು, ಏಳೂಮುಕ್ಕಾಲಿಗೆ ಮಂಗಳಾರತಿ, ಆಮೇಲೆಯೇ ಪ್ರಸಾದ. ನಡುವೆ ಮಕ್ಕಳಿಗೆಂದು ಮೊದಲೇ ಕೊಟ್ಟರೆ ಎದ್ದು ಹೋಗುವವರು ಮಕ್ಕಳಷ್ಟೇ ಅಲ್ಲ. ಪ್ರಸಾದದ ಹೊತ್ತಿಗೆ ಮಾತ್ರ ಬರುವವರನ್ನು ಮೂದಲಿಸಬೇಡಿ. ಮುಂದಿನ ವಾರದ ತುರಿಯುವ ಸರದಿಗೆ ಅವರ ಹೆಸರು ಬರೆದುಕೊಳ್ಳಿ.

ಹೆಚ್ಚಿನ ಕಡೆ ಈ ಕ್ರಮ ಕೆಡುವುದು ಪೈಪೋಟಿಯಿಂದ. ಒಬ್ಬರು ಸೇವೆಗೆ ಲಾಡು ಕೊಟ್ಟರೆ ಮುಂದಿನವರು ಜಿಲೇಬಿ, ಅದರಾಚೆಯವರು ಊಟ. ಅಷ್ಟು ಕೈಲಾಗದವರು ಸರದಿಯಿಂದ ಜಾರಿಕೊಳ್ಳುತ್ತಾರೆ, ಬಳಿಕ ಭಜನೆಗೂ ಬರುವುದಿಲ್ಲ. ಆದ್ದರಿಂದ ತಿನಿಸು ಮತ್ತು ಅಳತೆಯನ್ನು ಸಮಿತಿಯೇ ಗೊತ್ತುಮಾಡಿ ಫಲಕದಲ್ಲಿ ಬರೆಯಲಿ. ಹೆಚ್ಚು ಕೊಡಬೇಕೆನ್ನುವವರು ಪಾತ್ರೆಯನ್ನೋ ಈಳಿಗೆಮಣೆಯನ್ನೋ ಕೊಡಲಿ.

ಆರಂಭಕ್ಕೆ ಹೊತ್ತು ನೋಡಿ. ಬಂದರಿನ ಊರುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ ಒಳ್ಳೆಯದು, ಬೋಟಿನವರು ಮನೆಯಲ್ಲಿರುತ್ತಾರೆ. ಶಿರಸಿ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಸಂಜೆ ಯಾರೂ ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಭಜನೆಯನ್ನು ಬೆಳಗಿಗೆ ತನ್ನಿ.

ಉಳಿದದ್ದನ್ನು ಕಾಯಿಲೆಯವರ, ಬಾಣಂತಿಯರ ಮನೆಗೆ ಎಲೆಯಲ್ಲಿ ಕಟ್ಟಿ ಅದೇ ರಾತ್ರಿ ಮುಟ್ಟಿಸಿ. ಆರಾಮಾಗಿ ಮನೆಯಲ್ಲಿ ಕೂತವರಿಗೆ ಬೇಡ.