ಮೊದಲು ಗಡಿಯಾರ, ಆಮೇಲೆ ಗಂಟಲು

ಫೆಬ್ರವರಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಗಾಳಿಯಲ್ಲಿ ತೇವ ಆರಿಹೋಗುತ್ತದೆ. ಮೂಗಲ್ಲಿ ರಕ್ತ ಸೋರುತ್ತಿದೆ ಎಂದು ಬಸವನಗುಡಿಯ ನನ್ನ ಕ್ಲಿನಿಕ್ಕಿಗೆ ಓಡಿಬರುವವರು ಆಗಲೇ ಹೆಚ್ಚು. ಹೆಚ್ಚಿನವರು ಬರುವ ಭಂಗಿಯೂ ಒಂದೇ: ತಲೆ ಹಿಂದಕ್ಕೆ, ಮುಖ ಸೂರಿನ ಕಡೆಗೆ, ನೆತ್ತಿಯ ಮೇಲೆ ತಣ್ಣೀರು ಬಟ್ಟೆ. ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿ ನಾನು ಮಾಡುವ ಮೊದಲ ಕೆಲಸ ಆ ತಲೆಯನ್ನು ಮುಂದಕ್ಕೆ ಬಾಗಿಸುವುದು.

ಈ ವರ್ಷ ಮಾರ್ಚಿನಲ್ಲಿ 8 ವರ್ಷದ ಹುಡುಗನೊಬ್ಬನನ್ನು ಅಮ್ಮ, ಅಜ್ಜಿ ಇಬ್ಬರೂ ಹಿಡಿದುಕೊಂಡು ಬಂದರು. ಯೂನಿಫಾರ್ಮ್ ಅಂಗಿಯ ಎದೆಭಾಗವೆಲ್ಲ ಕೆಂಪು.

"ಉಷ್ಣ ಆಗಿದೆ ಡಾಕ್ಟ್ರಮ್ಮಾ. ಕಾಮಕಸ್ತೂರಿ ಬೀಜ ನೆನೆಸಿ ಕೊಡ್ತಾ ಇದೀನಿ, ಈರುಳ್ಳಿನೂ ಮೂಸಿಸಿದೆ" ಎಂದರು ಅಜ್ಜಿ.

"ಕಾಮಕಸ್ತೂರಿ ಕೊಡಿ ಅಜ್ಜಿ, ತಂಪಿಗೆ ಒಳ್ಳೇದೇ. ಆದ್ರೆ ಗಾಯ ಇರೋದು ಮೂಗಿನ ಒಳಗೆ. ಅದನ್ನ ಒತ್ತಿ ಹಿಡೀಬೇಕು" ಎಂದು ಹುಡುಗನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮುಂದಕ್ಕೆ ಬಾಗಿಸಿ, ಎರಡೂ ಹೊಳ್ಳೆ ಮುಚ್ಚುವ ಹಾಗೆ ಮೂಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದೆ. ಬಾಯಲ್ಲಿ ಉಸಿರಾಡು, ಬಾಯಿಗೆ ಬಂದದ್ದನ್ನು ನುಂಗಬೇಡ, ಟ್ರೇಗೆ ಉಗುಳು ಎಂದೆ. ಗೋಡೆಯ ಗಡಿಯಾರದಲ್ಲಿ ಪೂರ್ತಿ 10 ನಿಮಿಷ. ಮನೆಯಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಅರ್ಧ ನಿಮಿಷಕ್ಕೊಮ್ಮೆ ಕೈ ತೆಗೆದು ನಿಂತಿತಾ ಎಂದು ನೋಡುತ್ತಾರೆ. ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ಇನ್ನು ಕೆಲವರು ಮೇಲಿನ ಮೂಳೆಯನ್ನು ಒತ್ತುತ್ತಾರೆ. ಅಲ್ಲಿ ಒತ್ತಿದರೆ ಸೋರುವ ಜಾಗಕ್ಕೆ ಏನೂ ತಾಗುವುದಿಲ್ಲ.

ಸೋರುವ ಜಾಗ ಸುಮಾರು ನೂರರಲ್ಲಿ 90 ಜನರಿಗೆ ಒಂದೇ: ಎರಡು ಹೊಳ್ಳೆಗಳ ನಡುಗೋಡೆಯ ಮುಂಭಾಗ. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಲಿಟಲ್ 1879ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಇದನ್ನು ಲಿಟಲ್ಸ್ ಏರಿಯಾ ಎನ್ನುತ್ತೇವೆ. ಹಲವು ರಕ್ತನಾಳಗಳ ಕವಲುಗಳು ಅಲ್ಲಿ ಬಂದು ಕೂಡುತ್ತವೆ, ಮೇಲಿನ ಪೊರೆ ಬಲು ತೆಳು. ಒಣಗಾಳಿಗೆ ಹಕ್ಕಳೆ ಕಟ್ಟುತ್ತದೆ, ತುರಿಸುತ್ತದೆ, ಮಗು ಬೆರಳು ಹಾಕಿ ಕೀಳುತ್ತದೆ. ಈ ಹುಡುಗನ ಕಥೆಯೂ ಅಷ್ಟೇ. ಮನೆ ಮುಂದೆ ರಸ್ತೆ ಅಗೆದ ಧೂಳು, ರಾತ್ರಿಯಿಡೀ ನೆತ್ತಿಯ ಮೇಲೆ ಫ್ಯಾನು, ಅದರ ಜೊತೆಗೆ ಅಲರ್ಜಿ ನೆಗಡಿ.

10 ನಿಮಿಷಕ್ಕೆ ನಿಂತಿತು. ಆದರೆ ತಿಂಗಳಲ್ಲಿ ಇದು ಐದನೇ ಸಲ ಎಂದದ್ದರಿಂದ ನಾಳವನ್ನು ಸುಡಲು ನಿರ್ಧರಿಸಿದೆ. ಸುಡುವುದು ಎಂದ ಕೂಡಲೇ ಅಮ್ಮ ಗಾಬರಿಯಾದರು; ಬೆಂಕಿ ಅಲ್ಲ, ಸಿಲ್ವರ್ ನೈಟ್ರೇಟ್ ಕಡ್ಡಿ ಎಂದು ಕೈಯಲ್ಲಿ ಹಿಡಿದು ತೋರಿಸಿದೆ. ಮರಗಟ್ಟಿಸುವ ಔಷಧಿಯಲ್ಲಿ ಅದ್ದಿದ ಹತ್ತಿ ಇಟ್ಟು ಕಾದು, ಮೊದಲು ನಾಳದ ಸುತ್ತ, ಕೊನೆಗೆ ನಡುವೆ, ಕೆಲವೇ ಸೆಕೆಂಡು ಮುಟ್ಟಿಸಿದೆ. ಜಾಗ ಬೂದುಬಿಳಿ ಆಯಿತು. ಇನ್ನೊಂದು ಹೊಳ್ಳೆಯಲ್ಲೂ ಉಬ್ಬಿದ ನಾಳ ಕಾಣುತ್ತಿತ್ತು, ಅದನ್ನು ಮುಟ್ಟಲಿಲ್ಲ. ನಡುಗೋಡೆಯ ಮೃದು ಎಲುಬಿಗೆ (ಕಾರ್ಟಿಲೇಜ್) ರಕ್ತ ಸಿಗುವುದು ಎರಡೂ ಬದಿಯ ಪೊರೆಯಿಂದ. ಒಂದೇ ದಿನ ಎರಡೂ ಕಡೆ ಸುಟ್ಟರೆ ಗೋಡೆಯೇ ತೂತಾಗಬಹುದು. ಆ ತೂತು ತಾನಾಗಿ ಕೂಡಿಕೊಳ್ಳುವುದು ಅಪರೂಪ.

ಇದು ಸುಲಭದ ರಕ್ತ. ನನಗೆ ಪಾಠ ಕಲಿಸಿದ್ದು ಇನ್ನೊಂದು.

ಎಂ.ಎಸ್. ಓದುವಾಗ, ರಾತ್ರಿ ಡ್ಯೂಟಿಯಲ್ಲಿ, 70 ದಾಟಿದ ಹಿರಿಯರೊಬ್ಬರು ಬಂದಿದ್ದರು. ಬಿ.ಪಿ. ಇತ್ತು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ನುಂಗುತ್ತಿದ್ದರು. ಮೂಗಿನ ಮುಂಭಾಗಕ್ಕೆ ಪ್ಯಾಕ್, ಅಂದರೆ ರಕ್ತ ಸೋರದಂತೆ ಒತ್ತಿ ಹಿಡಿಯುವ ಪಟ್ಟಿ, ತುಂಬಿದೆ. ಹೊಳ್ಳೆಯಿಂದ ಹನಿಯುವುದು ನಿಂತಿತು. ನೆಮ್ಮದಿಯಿಂದ ಕೇಸ್ ಶೀಟ್ ಬರೆಯುತ್ತ ಕೂತೆ. ಅವರು ಮಾತ್ರ ಮತ್ತೆ ಮತ್ತೆ ಗುಟುಕರಿಸುತ್ತಿದ್ದರು. ಗಂಟಲು ಒಣಗಿದೆಯೇನೋ ಅಂದುಕೊಂಡೆ. ಅರ್ಧ ಗಂಟೆ ಕಳೆದ ಮೇಲೆ ಬೇಸಿನ್ ತುಂಬ ಕಪ್ಪುರಕ್ತ ವಾಂತಿ ಮಾಡಿದರು. ರಕ್ತ ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುತ್ತಲೇ ಇತ್ತು. ಬಾಯಿ ತೆರೆಸಿ ಟಾರ್ಚ್ ಹಿಡಿದು ನಾನು ನೋಡಿರಲೇ ಇಲ್ಲ.

ಓಡಿಬಂದ ಸೀನಿಯರ್ ಮೇಡಂ ಮೂತ್ರಕ್ಕೆ ಹಾಕುವ, ತುದಿಯ ಬಳಿ ಬಲೂನಿರುವ ಫೋಲಿ ಕ್ಯಾತಿಟರ್ ಕೊಳವೆಯನ್ನೇ ಮೂಗಿನೊಳಗೆ ಹಾಯಿಸಿದರು. ತುದಿ ಗಂಟಲಲ್ಲಿ ಕಂಡಾಗ ಬಲೂನು ಉಬ್ಬಿಸಿ, ಮುಂದಕ್ಕೆಳೆದು ಮೂಗಿನ ಹಿಂಬಾಗಿಲಿಗೆ ಬಿಗಿಯಾಗಿ ಕೂರಿಸಿ, ಮುಂದೆ ಮತ್ತೆ ಪ್ಯಾಕ್ ತುಂಬಿದರು. ಸೋರುವುದು ನಿಂತಿತು. ಮೇಡಂ ನನ್ನನ್ನು ಬೈಯಲಿಲ್ಲ. "ಅವರು ನುಂಗ್ತಾ ಇದ್ದದ್ದು ನಿನಗೆ ಕಾಣ್ಲಿಲ್ವಾ?" ಎಂದಷ್ಟೇ ಕೇಳಿದರು. ಆ ಹಿರಿಯರು ಉಳಿದರು. ಅಂದಿನಿಂದ ನಾನು ಪ್ಯಾಕ್ ಹಾಕಿದ ಯಾರನ್ನೂ ಗಂಟಲು ನೋಡದೆ ಬಿಟ್ಟಿಲ್ಲ.

ಈಗ ಅಂಥವರಿಗೆ ಎಂಡೋಸ್ಕೋಪಿನಲ್ಲೇ ಸ್ಫೀನೋಪ್ಯಾಲಟೈನ್ ಎಂಬ ಮುಖ್ಯ ರಕ್ತನಾಳವನ್ನು ಹುಡುಕಿ ಕ್ಲಿಪ್ ಹಾಕುತ್ತೇವೆ, ಇಲ್ಲವೇ ಸುಟ್ಟು ಮುಚ್ಚುತ್ತೇವೆ. ದಿನಗಟ್ಟಲೆ ಪ್ಯಾಕ್ ಇಟ್ಟುಕೊಂಡು ನರಳುವುದು ತಪ್ಪುತ್ತದೆ. ಸ್ಟೆಂಟ್ ಇರುವವರು ಹೆದರಿ ಕ್ಲೋಪಿಡೋಗ್ರೆಲ್ ತಾವಾಗಿ ನಿಲ್ಲಿಸುವುದನ್ನೂ ನೋಡಿದ್ದೇನೆ; ಹೃದಯದ ವೈದ್ಯರನ್ನು ಕೇಳದೆ ಅದನ್ನು ಬಿಡಿಸಲು ನಾನು ಒಪ್ಪುವುದಿಲ್ಲ. ಮೂಗಿನ ರಕ್ತ ನಿಲ್ಲಿಸಬಹುದು, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ.

ಮಳೆಗಾಲದಲ್ಲಿ ಪ್ರಶ್ನೆ ಬೇರೆ. ಜ್ವರದ ಜೊತೆ ಮೂಗಲ್ಲಿ ರಕ್ತ ಎಂದರೆ ಮೊದಲು ಡೆಂಗಿ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಮಾಡಿಸುತ್ತೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಹದಿಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಕಟ್ಟಿಕೊಂಡು ಅಲ್ಲಿಂದಲೇ ಪದೇ ಪದೇ ರಕ್ತ ಬಂದರೆ ಆಂಜಿಯೋಫೈಬ್ರೋಮಾ ಎಂಬ ಗಡ್ಡೆ ನೆನಪಾಗಬೇಕು. ಅದು ರಕ್ತನಾಳಗಳ ಗಂಟು. ಕ್ಲಿನಿಕ್ಕಿನಲ್ಲಿ ಅದರ ಚೂರು ತೆಗೆಯಲು ಹೋದರೆ ರಕ್ತ ನಿಲ್ಲಿಸುವುದೇ ಕಷ್ಟ, ಸ್ಕ್ಯಾನ್ ಮೊದಲು.

ಆ 8 ವರ್ಷದ ಹುಡುಗನಿಗೆ ಉಗುರು ಕತ್ತರಿಸುವುದು, ಉಪ್ಪುನೀರಿನ ಡ್ರಾಪ್ಸ್, ದಿನಕ್ಕೆ ಎರಡು ಸಲ ಹೊಳ್ಳೆಯೊಳಗೆ ಪೆಟ್ರೋಲಿಯಂ ಜೆಲ್ಲಿ ಸವರುವುದು, ಇಷ್ಟು ಹೇಳಿ ಕಳಿಸಿದ್ದೆ. ಆರು ವಾರ ಬಿಟ್ಟು ಬಂದ. ಸುಟ್ಟ ಕಡೆ ಪೊರೆ ಚೆನ್ನಾಗಿ ಮಾಗಿತ್ತು. ಇನ್ನೊಂದು ಕಡೆಯ ನಾಳವೂ ಇಳಿದಿತ್ತು, ಮತ್ತೆ ಕಡ್ಡಿ ಮುಟ್ಟಿಸಬೇಕಾಗಲೇ ಇಲ್ಲ.

"ನಡುವೆ ಒಂದ್ಸಲ ಬಂತು ಡಾಕ್ಟ್ರಮ್ಮಾ" ಎಂದರು ಅಜ್ಜಿ. "ನೀವು ಹೇಳಿದ ಹಾಗೆ ಬಗ್ಗಿಸಿ ಹಿಡ್ಕೊಂಡೆ. ಗಡಿಯಾರದ ಮುಳ್ಳು ಎರಡು ಮನೆ ದಾಟೋವರೆಗೆ ಬಿಡ್ಲಿಲ್ಲ."