ಜುಲೈ 4ರ ಹಾಳೆ: ಮೂರನೇ ಸಲಕ್ಕೆ ನಿಂತಿತು

ಈ ಹಾಳೆ ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ನಮ್ಮದು ಭಾನುವಾರ ಸೇರಿ ಯುದ್ಧದ ಬೋರ್ಡ್ ಗೇಮ್ ಆಡುವ ಗುಂಪು. ಅಮೆರಿಕದ ಅಂತರ್ಯುದ್ಧ, ಅಂದರೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಜಗಳ, ಎಲ್ಲರಿಗೂ ಬಾಯಿಪಾಠ. ಒಂದು ತಾರೀಖು ಹಿಡಿದು 1861ರಿಂದ 65ರವರೆಗೆ ಆ ದಿನ ಎಲ್ಲೆಲ್ಲಿ ಗುಂಡು ಹಾರಿತು ಅಂತ ಒಂದೇ ಹಾಳೆಗೆ ತರುತ್ತೇನೆ ಅಂದೆ. ಗುಂಪಿನ ಹಿರಿಯರೊಬ್ಬರು ನಕ್ಕುಬಿಟ್ಟರು. "ಯುದ್ಧ ನೋಡೋದು ದಂಡಯಾತ್ರೆ ಲೆಕ್ಕದಲ್ಲಿ ಕಣಯ್ಯ. ತಾರೀಖು ಹಿಡ್ಕೊಂಡ್ರೆ ಅದು ರಾಶಿಭವಿಷ್ಯ ಆಗುತ್ತೆ ಅಷ್ಟೇ" ಅಂದರು. ಹೋದ ತಿಂಗಳು ಅವರೇ ಬಂದು ಒಂದು ಪ್ರತಿ ಕೇಳಿ ತಗೊಂಡು ಹೋದರು.

ಎರಡು ಸಲ ಮುಗ್ಗರಿಸಿದ್ದನ್ನು ಮೊದಲು ಹೇಳುತ್ತೇನೆ. ಅಲ್ಲೇ ದುಡ್ಡು ಹೋಗಿದ್ದು.

ಮೊದಲ ಸಲ ಸಾಲುಗಳನ್ನು ತುಂಬಿಸಲು ಒಬ್ಬ ಹುಡುಗನನ್ನು ಇಟ್ಟುಕೊಂಡೆ. ನಾಲ್ಕು ಸಾವಿರ ಕೊಟ್ಟ ನೆನಪು. ನಾವೆಲ್ಲ ಬಳಸುವ ಶೀಟ್ ಸಾಫ್ಟ್‌ವೇರ್ 1900ಕ್ಕಿಂತ ಹಿಂದಿನದನ್ನು ತಾರೀಖು ಅಂತಲೇ ಒಪ್ಪುವುದಿಲ್ಲ, ಸುಮ್ನೆ ಅಕ್ಷರ ಅಂದುಕೊಳ್ಳುತ್ತದೆ. ಹಾಗಾಗಿ ಬೇರೊಂದಕ್ಕೆ ಹೋದೆ. ಅದು ಒಪ್ಪಿತು, ಆದರೆ ನಮ್ಮ ಪದ್ಧತಿಯಲ್ಲಿ ಓದಿತು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರಲ್ಲ, ಹುಡುಗ ಹಾಗೇ 4/7 ಅಂತ ಇಳಿಸಿದ್ದ. ಏಪ್ರಿಲ್ 7 ಹೋಗಿ ಜುಲೈ 4 ಆಯಿತು. ನಾನೂ ಕಣ್ಣು ಮುಚ್ಚಿಕೊಂಡು ಆರಡಿ ಫ್ಲೆಕ್ಸ್ ಹೊಡೆಸಿಬಿಟ್ಟೆ. ಗೋಡೆಗೆ ಹಾಕಿ ನೋಡಿದರೆ 1862ರ ಸಾಲಿನಲ್ಲಿ ಶೈಲೋ ಕಾಳಗದ ಎರಡನೇ ದಿನ ಬಂದು ಕೂತಿದೆ! ಕೆಳಗೆ 1863ರಲ್ಲಿ ಚಾರ್ಲ್ಸ್‌ಟನ್ ಮೇಲೆ ಉತ್ತರದ ನೌಕಾಪಡೆಯ ಡು ಪಾಂಟ್‌ನ ಕಬ್ಬಿಣದ ಹಡಗುಗಳ ದಾಳಿ. ಎರಡೂ ಏಪ್ರಿಲ್ 7ರವು. ನಿಜವಾದ ಜುಲೈ 4ರ ಸಾಲುಗಳೆಲ್ಲ ಏಪ್ರಿಲ್‌ನಲ್ಲಿ ಅಡಗಿದ್ದವು. ಸಾವಿರದ ನಾನೂರು ರೂಪಾಯಿಯ ಆ ಫ್ಲೆಕ್ಸ್ ಈಗ ನಮ್ಮ ಮನೆಯಲ್ಲಿ ಸ್ಕೂಟರ್‌ಗೆ ಹೊದಿಕೆ.

ಎರಡನೇ ಸಲ ಹೆಸರುಗಳು ಕೈ ಕೊಟ್ಟವು. ಉತ್ತರದವರು ಹೆಚ್ಚಾಗಿ ಹೊಳೆ-ಹಳ್ಳದ ಹೆಸರಿಟ್ಟರು, ದಕ್ಷಿಣದವರು ಊರಿನ ಹೆಸರಿಟ್ಟರು. ಬುಲ್ ರನ್, ಮನಾಸಸ್ ಎರಡೂ ಒಂದೇ ಕಾಳಗ ಅಂತ ನಮ್ಮ ಗುಂಪಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಸಣ್ಣ ಕಾಳಗಗಳಲ್ಲಿ ಮಾತ್ರ ಇದು ಗೊತ್ತಾಗುವುದೇ ಇಲ್ಲ. ಕೆಂಟಕಿಯ ಟೆಬ್ಸ್ ಬೆಂಡ್ ಒಂದು ಸಾಲು, ಗ್ರೀನ್ ರಿವರ್ ಸೇತುವೆ ಇನ್ನೊಂದು ಸಾಲು. ಎರಡೂ ಒಂದೇ ಜಗಳ. 1864ರಲ್ಲಿ ಜಾರ್ಜಿಯಾದ ರಫ್ಸ್ ಮಿಲ್ ನನ್ನ ಪಟ್ಟಿಯಲ್ಲಿ ಸ್ಮಿರ್ನಾ ಹೆಸರಿನಲ್ಲೂ ಇತ್ತು. ಒಂದೇ ಹೆಣವನ್ನು ಎರಡು ಸಲ ಎಣಿಸಿದ ಹಾಗಾಯಿತು. ಡಯರ್ ಅನ್ನುವವನು 1908ರಲ್ಲಿ ಮಾಡಿಟ್ಟ ಕಾಳಗಗಳ ಪಟ್ಟಿಯನ್ನು ಸೇನಾ ದಾಖಲೆಯ 128 ಪುಸ್ತಕಗಳ ಜೊತೆ ತಾಳೆ ನೋಡಿದೆ. ಆ ದಿನ ಅಲ್ಲಿದ್ದ ರೆಜಿಮೆಂಟ್ ಮತ್ತು ದಳಪತಿಯ ಹೆಸರು ಹಿಡಿದು ಜೋಡಿ ಸಾಲುಗಳನ್ನು ಒಂದು ಮಾಡಿದೆ. ಆಮೇಲೆ ಇನ್ನೊಂದು ಜರಡಿ ಹಿಡಿದಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ತಿಂಗಳ ನಿದ್ದೆ ಕೊಟ್ಟು ಕಲಿತದ್ದು.

ಮೂರನೇ ಸಲಕ್ಕೆ ಪ್ರತಿ ಸಾಲಿಗೂ ಮೂರು ತಾರೀಖು ಹಾಕಿದೆ: ಆದೇಶ ಹೊರಟ ದಿನ, ಕೆಲಸ ನಡೆದ ದಿನ, ವರದಿ ಬರೆದ ದಿನ. ಆಗ ಹಾಳೆ ತಾನಾಗಿ ಮಾತಾಡಲು ಶುರು ಮಾಡಿತು. 1863ರಲ್ಲಿ ಮಿಸಿಸಿಪ್ಪಿ ನದಿ ದಂಡೆಯ ದಕ್ಷಿಣದವರ ಕೋಟೆ ವಿಕ್ಸ್‌ಬರ್ಗ್ ಬಿದ್ದದ್ದು ಜುಲೈ 4ಕ್ಕೆ, ವಾಷಿಂಗ್ಟನ್‌ಗೆ ಸುದ್ದಿ ಮುಟ್ಟಿದ್ದು 7ಕ್ಕೆ. ಈ ಮೂರು ದಿನ ಯಾರ ಕಣ್ಣಿಗೆ ಏನು ಕಾಣುತ್ತಿರಲಿಲ್ಲ ಅನ್ನುವುದೇ ಒಂದು ಆಟ, ಅಲ್ವಾ?

1863ರ ಸಾಲಿನ ಮುಂದೆ ಉಳಿದ ವರ್ಷಗಳೆಲ್ಲ ಬಡವು. ವಿಕ್ಸ್‌ಬರ್ಗ್‌ನ 47 ದಿನದ ಮುತ್ತಿಗೆ ಮುಗಿದು ಪೆಂಬರ್ಟನ್ ಸುಮಾರು 29 ಸಾವಿರ ಜನರ ಜೊತೆ ಉತ್ತರದ ಸೇನಾಪತಿ ಗ್ರಾಂಟ್‌ಗೆ ಶರಣಾದ. ಆತ ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಹೋರಾಡಿದ್ದು ದಕ್ಷಿಣದ ಪರ. ಉತ್ತರದವರ ಗುಣ ಅವನಿಗೆ ಗೊತ್ತು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಅಂದು ಊರು ಬಿಟ್ಟುಕೊಟ್ಟರೆ ಷರತ್ತು ಸಡಿಲ ಆಗುತ್ತದೆ ಅಂತ ಲೆಕ್ಕ ಹಾಕಿದ್ದ. ಅದೇ ಬೆಳಗ್ಗೆ ಮಿಸಿಸಿಪ್ಪಿಯ ಮೇಲ್ಗಡೆ ಅರ್ಕಾನ್ಸಾದ ಹೆಲೆನಾದಲ್ಲಿ ದಕ್ಷಿಣದ ದಳಪತಿ ಹೋಮ್ಸ್ ಏಳೂವರೆ ಸಾವಿರ ಜನರನ್ನು ನುಗ್ಗಿಸುತ್ತಿದ್ದ. ಒಳಗೆ ಉತ್ತರದ ಪ್ರೆಂಟಿಸ್ ಹತ್ತಿರ ನಾಲ್ಕು ಸಾವಿರ ಜನ, ನದಿಯಲ್ಲಿ ಟೈಲರ್ ಅನ್ನುವ ತೋಪಿನ ದೋಣಿ. ಈ ದಾಳಿ ಮಾಡಿದ್ದೇ ವಿಕ್ಸ್‌ಬರ್ಗ್ ಮೇಲಿನ ಒತ್ತಡ ಇಳಿಸುವುದಕ್ಕೆ! ಹೋಮ್ಸ್ ಹಿಂದೆ ಸರಿಯಿರಿ ಅಂದಾಗ ಹತ್ತು, ಹತ್ತೂವರೆ. ವಿಕ್ಸ್‌ಬರ್ಗ್‌ನಲ್ಲಿ ಕೋವಿಗಳನ್ನು ರಾಶಿ ಹಾಕಿದ್ದೂ ಹತ್ತರ ಹೊತ್ತಿಗೇ. ದಂಡಯಾತ್ರೆ ಲೆಕ್ಕದಲ್ಲಿ ಇವು ಬೇರೆ ಬೇರೆ ಅಧ್ಯಾಯ. ನನ್ನ ಹಾಳೆಯಲ್ಲಿ ಎರಡಕ್ಕೂ ನಡುವೆ ಒಂದೂವರೆ ಇಂಚು.

ಟೆಬ್ಸ್ ಬೆಂಡ್‌ನಲ್ಲಿ ಉತ್ತರದ ಕರ್ನಲ್ ಮೂರ್ ಹತ್ತಿರ ಇದ್ದದ್ದು ಸುಮಾರು ಇನ್ನೂರು ಜನ. ದಕ್ಷಿಣದ ಕುದುರೆ ಪಡೆಯ ಮಾರ್ಗನ್ ಶರಣಾಗು ಅಂದ. ಜುಲೈ 4 ಶರಣಾಗುವುದಕ್ಕೆ ಒಳ್ಳೆ ದಿನ ಅಲ್ಲ ಅಂತ ಮೂರ್ ಹೇಳಿ ಕಳಿಸಿದ. ಮಾರ್ಗನ್ ಮತ್ತೆ ಮತ್ತೆ ನುಗ್ಗಿ, ಜನ ಕಳೆದುಕೊಂಡು, ಬೇರೆ ಕಡೆ ಹೊಳೆ ದಾಟಿ ಹೋದ. ಒಬ್ಬನಿಗೆ ಆ ತಾರೀಖು ಶರಣಾಗಲು ಕಾರಣ, ಇನ್ನೊಬ್ಬನಿಗೆ ಆಗದಿರಲು ಕಾರಣ. ರಾಶಿಭವಿಷ್ಯ ಅಂದವರಿಗೆ ನನ್ನ ಉತ್ತರ ಇದೇ: ಸೈನಿಕರಿಗೇ ತಾರೀಖು ಗೊತ್ತಿತ್ತು ಸ್ವಾಮಿ. ಏಪ್ರಿಲ್ 6ನ್ನೂ ಮಾಡಿ ನೋಡಿದೆ. 1862ರಲ್ಲಿ ಶೈಲೋ ಮೊದಲ ದಿನ, 1865ರಲ್ಲಿ ಸೇಲರ್ಸ್ ಕ್ರೀಕ್. ಅದು ಬರೀ ಕಾಕತಾಳೀಯ, ಹಾಳೆಗೆ ಜೀವ ಬರಲಿಲ್ಲ.

ಗೆಟ್ಟಿಸ್‌ಬರ್ಗ್ ಕಾಳಗ ಸೋತು ದಕ್ಷಿಣದ ಸೇನಾಪತಿ ಲೀ ಹಿಂದಕ್ಕೆ ಹೊರಟದ್ದೂ ಅದೇ ದಿನ, ಸುರಿಯುವ ಮಳೆಯಲ್ಲಿ. ಗಾಯಾಳುಗಳ ಗಾಡಿ ಸಾಲು 17 ಮೈಲಿ. ಇಲ್ಲಿ ನನಗೊಂದು ಚಪಲ ಹತ್ತಿತು. ತಿಥಿ ಹಾಕಿ ನೋಡಿದೆ. ಜುಲೈ 1ಕ್ಕೆ ಹುಣ್ಣಿಮೆ. ಅಂದರೆ 4ರ ರಾತ್ರಿ ಲೀ ಹಿಂದೆ ಸರಿಯುತ್ತಿದ್ದ ದಾರಿಯಲ್ಲಿ ನಡೆದ ಮಾಂಟೆರೇ ಪಾಸ್ ಕಾಳಗಕ್ಕೆ ಒಳ್ಳೆ ಬೆಳದಿಂಗಳು ಇರಬೇಕು ಅಂತ ಹಾಳೆಯ ಮೂಲೆಯಲ್ಲಿ ಚಂದ್ರನನ್ನು ಬರೆದೂಬಿಟ್ಟೆ. ಆಮೇಲೆ ವರದಿ ಓದಿದರೆ ಗುಡುಗು, ಮಳೆ, ಕಗ್ಗತ್ತಲು. ಚಂದ್ರನನ್ನು ವೈಟ್ನರ್ ಹಾಕಿ ಅಳಿಸಿದ್ದು ಇನ್ನೂ ಕಾಣುತ್ತದೆ.

ಉಳಿದ ಸಾಲುಗಳು ಚಿಕ್ಕವು. 1861ರಲ್ಲಿ ಆ ದಿನದ ದೊಡ್ಡ ಸುದ್ದಿ ಲಿಂಕನ್ ಕರೆದ ವಿಶೇಷ ಅಧಿವೇಶನ. 1862ರಲ್ಲಿ ಜೇಮ್ಸ್ ನದಿಯಲ್ಲಿ ದಕ್ಷಿಣದವರ ಟೀಸರ್ ದೋಣಿ ಸಿಕ್ಕಿಬಿತ್ತು, ಒಳಗೆ ರೇಷ್ಮೆ ಬಟ್ಟೆಯ ಬಲೂನು. ನನ್ನ ಮಗಳಿಗೆ ಇಡೀ ಯುದ್ಧದಲ್ಲಿ ಅದೊಂದೇ ಇಷ್ಟ. 1864ರ ರಫ್ಸ್ ಮಿಲ್‌ನಲ್ಲಿ ಕಾಲು ಕಳೆದುಕೊಂಡ ಕರ್ನಲ್ ನಾಯ್ಸ್ ಮುಂದೆ ಒಹಾಯೋ ಗವರ್ನರ್ ಆದ. 1865ರ ಮನೆಯಲ್ಲಿ ಕಾಳಗ ಇಲ್ಲ. ಗೆಟ್ಟಿಸ್‌ಬರ್ಗ್ ಸ್ಮಾರಕಕ್ಕೆ ಅಡಿಗಲ್ಲು ಇಟ್ಟ ದಿನ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ಎಲ್ಲ ಸೇರಿ ಖರ್ಚು ಹನ್ನೊಂದು, ಹನ್ನೆರಡು ಸಾವಿರ ಆಗಿರಬಹುದು. ಈಗ ಡಿಸೆಂಬರ್ 31 ಹಿಡಿದಿದ್ದೇನೆ. 1862ರಲ್ಲಿ ಸ್ಟೋನ್ಸ್ ರಿವರ್ ಕಾಳಗ ಶುರುವಾದ ದಿನ, ಪಾರ್ಕರ್ಸ್ ಕ್ರಾಸ್‌ರೋಡ್ಸ್ ಕಾಳಗ ಕೂಡ ಅದೇ ದಿನ. ಹ್ಯಾಟೆರಸ್ ಭೂಶಿರದ ಹತ್ತಿರ ಉತ್ತರದವರ ಕಬ್ಬಿಣದ ಹಡಗು ಮಾನಿಟರ್ ಮುಳುಗಿದ್ದು 30ರ ಮಧ್ಯರಾತ್ರಿ ದಾಟಿದ ಮೇಲೆ. ಬಿರುಗಾಳಿಗೆ ಸಿಕ್ಕಿ ಒದ್ದಾಡಿದ್ದು 30ರಲ್ಲಿ, ಮುಳುಗಿದ್ದು 31ರಲ್ಲಿ. ಸದ್ಯ ಅದನ್ನು ಎರಡು ಮನೆಯ ಗೆರೆಯ ಮೇಲೇ ಅಂಟಿಸಿದ್ದೇನೆ. ಈ ಸಲ ಫ್ಲೆಕ್ಸ್ ಹೊಡೆಸುವ ಮೊದಲು ಪೇಪರ್ ಪ್ರಿಂಟ್ ತೆಗೆದು ನೋಡುತ್ತೇನೆ.